ಬಿಲ್ಲಿನ ಕೆಳಗಿನ ಖಾಲಿ ಗೆರೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ಇರುವ ನನ್ನ ಅಕ್ಕ, ಭಾವ ಇಬ್ಬರೂ ಶಾಲೆಯಿಂದ ನಿವೃತ್ತರಾದವರು. ಕಳೆದ ವರ್ಷ ಅಮೆರಿಕದ ಮಗನ ಮನೆಗೆಂದು ಹೋದವರು ಅವನ ಒತ್ತಾಯಕ್ಕೆ ಏಳು ರಾತ್ರಿಯ ಕೆರಿಬಿಯನ್ ಹಡಗು ಪ್ರವಾಸವನ್ನೂ ಮುಗಿಸಿ ಬಂದರು. ಊರಿಗೆ ಬಂದ ಮೇಲೆ ಫೋನಿನಲ್ಲಿ ತೋರಿಸಿದ ನೂರಾರು ಪಟಗಳ ನಡುವೆ ಒಂದು ಊಟದ ಬಿಲ್ಲಿನ ಪಟವೂ ಇತ್ತು. ಹಡಗಿನ ಇಟಾಲಿಯನ್ ರೆಸ್ಟೋರೆಂಟಿನದ್ದು. ಮೊದಲು ಊಟದ ದರ, ಅದರ ಮೇಲೆ ಶೇ. 18 ಗ್ರ್ಯಾಚುಯಿಟಿ, ಆಮೇಲೆ ಒಟ್ಟು ಮೊತ್ತ. ಅದರ ಕೆಳಗೆ 'ಹೆಚ್ಚುವರಿ ಗ್ರ್ಯಾಚುಯಿಟಿ' ಎಂಬ ಅರ್ಥದ ಇಂಗ್ಲಿಷ್ ಅಚ್ಚು, ಮುಂದೆ ಒಂದು ಖಾಲಿ ಗೆರೆ. ಇನ್ನೂ ಕೆಳಗೆ ಸಹಿಗೆ ಜಾಗ.

"ಈ ಗೆರೆಯಲ್ಲಿ ಎಂಥ ಬರೆಯಬೇಕಿತ್ತು, ಹೇಳು" ಎಂದರು ಭಾವ. ಅವರ ಸಿಟ್ಟು ಹಣದ ಮೇಲಿದ್ದದ್ದಕ್ಕಿಂತ ಪದದ ಮೇಲೆಯೇ ಹೆಚ್ಚು. "ಗ್ರ್ಯಾಚುಯಿಟಿ ಅಂದರೆ ರಿಟೈರ್ ಆದಾಗ ಸರಕಾರ ನನಗೆ ಕೊಟ್ಟದ್ದು. ಮೂವತ್ತೊಂದು ವರ್ಷ ಪಾಠ ಮಾಡಿದ್ದಕ್ಕೆ. ಒಂದೂವರೆ ಗಂಟೆ ಬಡಿಸಿದ್ದಕ್ಕೆ ಎಂಥ ಗ್ರ್ಯಾಚುಯಿಟಿ? ಅದರ ಮೇಲೆ ಹೆಚ್ಚುವರಿ ಬೇರೆ!"

ನಗು ಬಂತು, ಆದರೆ ಮಾಷ್ಟ್ರು ಕೈಯಿಟ್ಟದ್ದು ಸರಿಯಾದ ಜಾಗಕ್ಕೆ. ನಮ್ಮಲ್ಲಿ ಈ ಪದಕ್ಕಿರುವ ಅರ್ಥ ದುಡಿದವನ ಹಕ್ಕು. ಸರಕಾರಿ ನೌಕರನಿಗೆ ಸೇವಾ ನಿಯಮಗಳಿಂದ ಬಂದದ್ದು, ಖಾಸಗಿಯವರಿಗೆ ಮೊದಲು 1972ರ ಕಾಯ್ದೆಯಿಂದ, 2025ರ ನವೆಂಬರಿನಿಂದ ಸಾಮಾಜಿಕ ಭದ್ರತಾ ಸಂಹಿತೆಯಿಂದ ಬಂದದ್ದು. ಮಾಲಿಕ ಕೊಡಲೇಬೇಕು, ಕೊಡದಿದ್ದರೆ ಕೇಸು. ಹಡಗಿನಲ್ಲಿ ಅದೇ ಪದಕ್ಕೆ ಅರ್ಥ ಗಿರಾಕಿಯ ಖುಷಿ. ಕೊಡಬೇಕಾದವ ಮಾಲಿಕನಲ್ಲ, ಊಟಕ್ಕೆ ಕೂತವ. ಆ ಖಾಲಿ ಗೆರೆಯಲ್ಲಿ ಎಷ್ಟು ಬರೆಯಬೇಕು ಎಂಬ ತೊಡಕು ಹುಟ್ಟಿದ್ದೇ ಈ ಅದಲುಬದಲಿನಿಂದ.

ಕಾಸರಗೋಡಿನವರಿಗೆ ಈ ಬಿಲ್ಲನ್ನು ಎರಡೂ ಕಡೆಯಿಂದ ಓದಬಹುದು. ಪಾಲಕುನ್ನು, ಕೋಟಿಕುಳಂ, ಉದುಮ, ಬೇಕಲದ ಕರಾವಳಿಯಲ್ಲಿ 'ಕಪ್ಪಲಿಗೆ', ಅಂದರೆ ಹಡಗಿನ ಕೆಲಸಕ್ಕೆ, ಹೋದವರು ತಲೆಮಾರುಗಳಿಂದ ಇದ್ದಾರೆ. ಹೆಚ್ಚಿನವರು ಸರಕು ಹಡಗುಗಳಲ್ಲಿ, ಒಂದಷ್ಟು ಮಂದಿ ಪ್ರವಾಸಿ ಹಡಗುಗಳ ಅಡುಗೆಮನೆಯಲ್ಲಿ, ಊಟದ ಮೇಜಿನ ಬದಿಯಲ್ಲಿ. ಈಗೀಗ ಪೆರ್ಲ, ಕುಂಬಳೆ, ಮುಳ್ಳೇರಿಯದ ಮನೆಗಳ ಅಪ್ಪ-ಅಮ್ಮಂದಿರು ಮಕ್ಕಳ ಖರ್ಚಿನಲ್ಲಿ ಅದೇ ಮೇಜುಗಳ ಇನ್ನೊಂದು ಬದಿಯಲ್ಲಿ ಕೂರುತ್ತಿದ್ದಾರೆ. ಹಾಗಾಗಿ ಭಾವನ ಪ್ರಶ್ನೆಯನ್ನು ನಾನು ಕಾಲೇಜು ಗೆಳೆಯನೊಬ್ಬನ ಹತ್ತಿರ ತೆಗೆದುಕೊಂಡು ಹೋದೆ. ಪಾಲಕುನ್ನಿನವನು, ಪ್ರವಾಸಿ ಹಡಗುಗಳಲ್ಲಿ ಹದಿನಾಲ್ಕು ವರ್ಷ ಬಡಿಸಿ ಬಂದವನು. ಅವನು ಹೇಳಿದ್ದನ್ನೂ ನಾನು ಹುಡುಕಿ ಓದಿದ್ದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಆ ಇಟಾಲಿಯನ್ ಊಟಕ್ಕೆ ಕೂರುವ ಮೊದಲೇ ಅಕ್ಕ-ಭಾವ ಟಿಪ್ಸ್ ಕೊಟ್ಟಾಗಿತ್ತು. ಅಮೆರಿಕದ ದೊಡ್ಡ ಕಂಪೆನಿಗಳೆಲ್ಲ ತಲೆಗೆ, ದಿನಕ್ಕೆ ಇಷ್ಟು ಎಂದು ಗ್ರ್ಯಾಚುಯಿಟಿಯನ್ನು ಲೆಕ್ಕಕ್ಕೆ ತಾವೇ ಸೇರಿಸಿಬಿಡುತ್ತವೆ. ರಾಯಲ್ ಕೆರಿಬಿಯನ್‌ನಲ್ಲಿ 2025ರಲ್ಲಿ ಇದು ಸಾಮಾನ್ಯ ಕೋಣೆಗೆ 18.50 ಡಾಲರ್, ದೊಡ್ಡ ಸೂಟ್ ಕೋಣೆಗಳಿಗೆ 21 ಡಾಲರ್ ಇತ್ತು. ನಾರ್ವೇಜಿಯನ್ ಕಂಪೆನಿಯದ್ದು 2023ರಲ್ಲಿ ಸಾಮಾನ್ಯ ಕೋಣೆಗೆ 20 ಡಾಲರ್ ಆಯಿತು, ಕಾರ್ನಿವಲ್‌ನದ್ದು 16. ಮಕ್ಕಳಿಗೂ ಉಂಟು. 18.50ರ ಲೆಕ್ಕದಲ್ಲಿ ಇಬ್ಬರಿಗೆ ಏಳು ರಾತ್ರಿಗೆ 259 ಡಾಲರ್. ಡಾಲರಿಗೆ 88 ರೂಪಾಯಿ ಹಿಡಿದರೆ ಹತ್ತಿರ ಹತ್ತಿರ 22,800. ಟಿಕೆಟ್ ಮಾಡುವಾಗ ಜಾಹೀರಾತಿನಲ್ಲಿ ಕಂಡ ದರದಲ್ಲಿ ಇದು ಸೇರಿರುವುದಿಲ್ಲ. ಮಗ ಮೊದಲೇ ಕಟ್ಟಿದ್ದರಿಂದ ಭಾವನಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಪ್ರವಾಸಕ್ಕೇ ಹೋಗುತ್ತಿದ್ದರೋ ಇಲ್ಲವೋ.

ಹಿಂದೆ ಹೀಗಿರಲಿಲ್ಲ. ಊಟಕ್ಕೆ ಇಡೀ ವಾರ ಒಂದೇ ಮೇಜು, ಒಂದೇ ಹೊತ್ತು, ಅದೇ ವೇಟರ್, ಅದೇ ಸಹಾಯಕ. ಕೊನೆಯ ರಾತ್ರಿ ಒಬ್ಬೊಬ್ಬರ ಹೆಸರಿನ ಲಕೋಟೆಯಲ್ಲಿ ನೋಟು ಹಾಕಿ ಕೈಗೆ ಕೊಡುವುದು ರೂಢಿ. ಕೊಡುವವನಿಗೆ ತೆಗೆದುಕೊಳ್ಳುವವನ ಮುಖ ಗೊತ್ತಿತ್ತು. 2000ನೇ ಇಸವಿಯ ಸುಮಾರಿಗೆ ಬೇಕಾದ ಹೊತ್ತಿಗೆ, ಬೇಕಾದ ಕಡೆ ಊಟ ಎಂಬ ಪದ್ಧತಿಯೂ ಬಂತು. ಅದರಲ್ಲಿ ಸೋಮವಾರ ಬಡಿಸಿದವ ಮಂಗಳವಾರ ಸಿಗುವುದಿಲ್ಲ. ಯಾರ ಲಕೋಟೆಗೆ ಯಾರ ಹೆಸರು ಬರೆಯುವುದು? ಕೊನೆಯ ರಾತ್ರಿ ಊಟದ ಕೋಣೆಗೆ ಬಾರದೆ ಬಫೆಯಲ್ಲಿ ತಿಂದು ಜಾರಿಕೊಳ್ಳುವ ಗಿರಾಕಿಗಳ ಕಥೆ ಬೇರೆ. ಹೀಗೆ ಲಕೋಟೆ ಹೋಗಿ ದಿನದ ಲೆಕ್ಕ ಬಂತು. ಆ ಹಣ ಒಂದು ಗುಂಪು ನಿಧಿಗೆ ಸೇರಿ ವೇಟರ್, ಸಹಾಯಕ ವೇಟರ್, ಕೋಣೆ ಗುಡಿಸುವವ, ಕಣ್ಣಿಗೆ ಕಾಣದ ಇನ್ನಿತರರು ಎಲ್ಲರ ನಡುವೆ ಹಂಚಿಕೆಯಾಗುತ್ತದೆ. ಖುಷಿಯಿಂದ ಕೊಡುವ ಹಣ ಎಂಬ ಹೆಸರು ಉಳಿಯಿತು, ಖುಷಿಯ ಭಾಗ ಅಳಿಯಿತು.

ಸ್ಪೆಷಾಲಿಟಿ ರೆಸ್ಟೋರೆಂಟುಗಳದ್ದು ಇದರ ಮೇಲಿನ ಇನ್ನೊಂದು ಮಾಳಿಗೆ. ಟಿಕೆಟ್ಟಿನಲ್ಲೇ ಮೂರು ಹೊತ್ತಿನ ಊಟ ಸೇರಿದೆ, ದೊಡ್ಡ ಊಟದ ಕೋಣೆಯಲ್ಲೋ ಬಫೆಯಲ್ಲೋ. ಅದು ಸಾಲದವರಿಗೆ ಸ್ಟೇಕ್, ಸುಶಿ, ಇಟಾಲಿಯನ್ ಎಂದು ಸಣ್ಣ ಸಣ್ಣ ಹೋಟೆಲುಗಳು. ಅಲ್ಲಿ ತಲೆಗೊಂದು ದರ, ಅದರ ಮೇಲೆ ಸಾಮಾನ್ಯವಾಗಿ ಶೇ. 18ರಿಂದ 20ರ ಗ್ರ್ಯಾಚುಯಿಟಿ. ಕೆಲವು ಕಂಪೆನಿಗಳು ಇದನ್ನು ದರದ ಒಳಗೇ ಸೇರಿಸಿ ಹೇಳುತ್ತವೆ, ಕೆಲವು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸುತ್ತವೆ. ತಲೆಗೆ 60 ಡಾಲರ್ ಎಂದಿಟ್ಟುಕೊಂಡರೆ ಇಬ್ಬರಿಗೆ 120, ಅದರ ಶೇ. 18 ಅಂದರೆ 21.60. ಇದು ಆ ಸಣ್ಣ ಹೋಟೆಲಿನ ಸಿಬ್ಬಂದಿಗೆ ಹೋಗುವ ಪಾಲು. ಆದರೆ ಅದೇ ರಾತ್ರಿ ದೊಡ್ಡ ಊಟದ ಕೋಣೆಯಲ್ಲಿ ಇವರಿಗಾಗಿ ಖಾಲಿ ಬಿದ್ದ ಕುರ್ಚಿಯ ಲೆಕ್ಕಕ್ಕೂ ದಿನದ 18.50 ಹೋಗಿಯೇ ಹೋಗಿದೆ. ಒಂದು ಊಟಕ್ಕೆ ಎರಡು ಟಿಪ್ಸ್ ಆದ ಮೇಲೆ ಆ ಖಾಲಿ ಗೆರೆ ಮೂರನೆಯದನ್ನು ಕೇಳುತ್ತದೆ.

ಗೆರೆ ಅಲ್ಲಿ ಯಾಕಿದೆ ಎಂದು ಪಾಲಕುನ್ನಿನ ಗೆಳೆಯನನ್ನು ಕೇಳಿದೆ. "ಖಾಲಿ ಬಿಟ್ಟರೆ ನಿನಗೆ ನಾಚಿಕೆ ಆಗಬೇಕು, ಅದಕ್ಕೆ" ಎಂದ. ತಟ್ಟೆ ಒಯ್ದವ ಎದುರಿಗೇ ನಿಂತಿರುತ್ತಾನೆ, ಪೆನ್ನು ಅವನದ್ದೇ. ಊಟ ಮುಗಿಸಿದವನ ಹೊಟ್ಟೆ ತುಂಬಿದೆ, ಕಣ್ಣಿಗೆ ನಿದ್ದೆ. ಹತ್ತು ಡಾಲರ್ ಬರೆದು ಎದ್ದುಬಿಡುತ್ತಾನೆ.

ಇಷ್ಟು ಕೇಳಿದರೆ ಯಾರಿಗಾದರೂ ಮೋಸ ಎನಿಸುತ್ತದೆ. ಎನಿಸಬೇಕು ಕೂಡ. ಆದರೆ ಮೋಸ ಮಾಡಿದವರು ಯಾರು ಎಂಬುದನ್ನು ಸರಿಯಾಗಿ ಗುರುತಿಸಿಕೊಳ್ಳದಿದ್ದರೆ ಸಿಟ್ಟು ತಪ್ಪು ವಿಳಾಸಕ್ಕೆ ಹೋಗುತ್ತದೆ.

ರಾಯಲ್ ಕೆರಿಬಿಯನ್ ಲೈಬೀರಿಯದಲ್ಲಿ ನೋಂದಣಿಯಾದ ಕಂಪೆನಿ, ಕಾರ್ನಿವಲ್ ಹುಟ್ಟಿನಿಂದ ನೋಂದಣಿಯಾದದ್ದು ಪನಾಮದಲ್ಲಿ. ಕಚೇರಿ ಮಾತ್ರ ಎರಡರದ್ದೂ ಮಯಾಮಿಯಲ್ಲಿ. ಹಡಗುಗಳ ಮೇಲೆ ಹಾರುವ ಧ್ವಜ ಹೆಚ್ಚಾಗಿ ಬಹಾಮಾಸ್‌ನದ್ದೋ ಪನಾಮದ್ದೋ. ಗಿರಾಕಿಗಳು ಅಮೆರಿಕದವರು, ಬಡಿಸುವವರು ಫಿಲಿಪ್ಪೀನ್ಸ್, ಇಂಡೊನೇಷ್ಯ, ಭಾರತದವರು. ಹಡಗಿನೊಳಗಿನ ದುಡಿಮೆಗೆ ಅನ್ವಯಿಸುವುದು ಧ್ವಜದ ದೇಶದ ಕಾನೂನು. ಫ್ಲೋರಿಡಾದ ಬಂದರಿನಿಂದಲೇ ಹೊರಟರೂ ಅಮೆರಿಕದ ಕನಿಷ್ಠ ವೇತನ ಹಡಗು ಹತ್ತುವ ಏಣಿಯ ಬುಡಕ್ಕೆ ಬಂದು ನಿಲ್ಲುತ್ತದೆ. ನೆಲದ ಮೇಲಿನ ಅಮೆರಿಕವೇನೂ ಮಹಾ ಉದಾರಿಯಲ್ಲ. ಟಿಪ್ಸ್ ಸಿಗುವ ಕೆಲಸಕ್ಕೆ ಅಲ್ಲಿನ ಕೇಂದ್ರ ಕಾನೂನು ಮಾಲಿಕನಿಂದ ಕೇಳುವುದು ಗಂಟೆಗೆ 2.13 ಡಾಲರ್ ಮಾತ್ರ, 1991ರಿಂದ ಅದು ಕದಲಿಲ್ಲ. ಸಂಬಳದ ಭಾರವನ್ನು ಗಿರಾಕಿಯ ಜೇಬಿಗೆ ದಾಟಿಸುವ ಆ ಅಭ್ಯಾಸವನ್ನೇ ಹಡಗಿನವರು ಸಮುದ್ರಕ್ಕೂ ಒಯ್ದರು.

ಹಾಗೆಂದು ಸಮುದ್ರದಲ್ಲಿ ಕಾನೂನೇ ಇಲ್ಲವೆಂದಲ್ಲ. 2006ರಲ್ಲಿ ರೂಪುಗೊಂಡು 2013ರ ಆಗಸ್ಟಿನಲ್ಲಿ ಜಾರಿಗೆ ಬಂದ ಸಾಗರ ಕಾರ್ಮಿಕ ಒಡಂಬಡಿಕೆಗೆ ಭಾರತವೂ 2015ರಲ್ಲಿ ಸೇರಿತು. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ, ಇಲ್ಲವೇ ವಾರಕ್ಕೆ 72 ಗಂಟೆಗಿಂತ ಹೆಚ್ಚು ದುಡಿಸಕೂಡದು ಎಂದು ಅದರ ನಿಯಮ. ನುರಿತ ನಾವಿಕನ ಕನಿಷ್ಠ ಮೂಲವೇತನವನ್ನೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮಿತಿ ಗೊತ್ತು ಮಾಡುತ್ತದೆ. 2025ಕ್ಕೆ ಅದು ತಿಂಗಳಿಗೆ 673 ಡಾಲರ್ ಇತ್ತು. ಊಟದ ಕೋಣೆಯವರ ಸಂಬಳ ಕಂಪೆನಿ ಮತ್ತು ಕಾರ್ಮಿಕ ಸಂಘಟನೆಗಳ ಒಪ್ಪಂದಕ್ಕೆ ಬಿಟ್ಟದ್ದು. ಆರರಿಂದ ಒಂಬತ್ತು ತಿಂಗಳ ಕರಾರು, ಅಷ್ಟೂ ಕಾಲ ರಜೆಯ ದಿನವಿಲ್ಲ. ಬೆಳಗ್ಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಎರಡು ಪಂಕ್ತಿ. ನಡುವೆ ನಾಲ್ಕು ಗಂಟೆ ಬಿಡುವು ಸಿಕ್ಕಿದರೂ ಅದು ಮಲಗಲು ಸಾಲದು, ಎದ್ದಿರಲು ಹೆಚ್ಚು.

ಇತ್ತ ಕಂಪೆನಿಗಳಿಗೆ ಬಡತನವಿಲ್ಲ. 2024ರಲ್ಲಿ ರಾಯಲ್ ಕೆರಿಬಿಯನ್‌ನ ನಿವ್ವಳ ಲಾಭ 290 ಕೋಟಿ ಡಾಲರ್, ಕಾರ್ನಿವಲ್‌ನದ್ದು 190 ಕೋಟಿ. ಸಂಬಳವನ್ನು ಟಿಕೆಟ್ಟಿನ ದರದೊಳಗೇ ಸೇರಿಸಲಾಗದು ಎಂಬ ಮಾತೂ ನಿಲ್ಲುವುದಿಲ್ಲ. ಕಾರ್ನಿವಲ್ ಗುಂಪಿನದ್ದೇ ಆದ ಬ್ರಿಟನಿನ ಪಿ ಆ್ಯಂಡ್ ಓ ಕ್ರೂಸಸ್ 2019ರಲ್ಲಿ ದಿನದ ಟಿಪ್ಸ್ ಪದ್ಧತಿಯನ್ನೇ ತೆಗೆದುಹಾಕಿತು. ಬ್ರಿಟಿಷರು ಟಿಪ್ಸ್ ಎಂದರೆ ಮುಖ ಸಿಂಡರಿಸುತ್ತಾರೆ ಎಂಬ ಕಾರಣಕ್ಕೆ. ಅಮೆರಿಕದವರು ಸಿಂಡರಿಸುವುದಿಲ್ಲ, ಹಾಗಾಗಿ ಅಲ್ಲಿ ಉಳಿಯಿತು. ವ್ಯಾಪಾರದ ಲೆಕ್ಕ ಅಷ್ಟೇ.

ಗೆಳೆಯ ಮನೆ ಕಟ್ಟಲು ಬ್ಯಾಂಕಿಗೆ ಸಾಲ ಕೇಳಲು ಹೋದ ಕಥೆ ಹೇಳಿದ. ಮ್ಯಾನೇಜರು ಸಂಬಳದ ಚೀಟಿ ಕೇಳಿದರು. ಚೀಟಿಯಲ್ಲಿ ಕಾಣುವ ಖಚಿತ ಸಂಬಳ ಸಣ್ಣದು. ಮನೆಗೆ ಕಳಿಸುವ ಹಣದ ದೊಡ್ಡ ಭಾಗ ಟಿಪ್ಸ್ ಪಾಲಿನದ್ದು, ತಿಂಗಳಿಂದ ತಿಂಗಳಿಗೆ ಬೇರೆ. "ಇದು ಇನ್‌ಕಮ್ಮಾ, ಭಕ್ಷೀಸಾ?" ಎಂದು ಮ್ಯಾನೇಜರು ಕೇಳಿದರಂತೆ. ಇವನಿಗೆ ಉತ್ತರ ಹೊಳೆಯಲಿಲ್ಲ. 2020ರ ಮಾರ್ಚ್ ನಡುವಿನಲ್ಲಿ ಕೊರೊನಾಕ್ಕೆ ಹಡಗುಗಳೆಲ್ಲ ನಿಂತಾಗ ಉತ್ತರ ಸಿಕ್ಕಿತು. ಗಿರಾಕಿಗಳು ಇಳಿದು ಹೋದರು, ಸಿಬ್ಬಂದಿ ತಿಂಗಳುಗಟ್ಟಲೆ ಹಡಗಿನಲ್ಲೇ ಬಾಕಿಯಾದರು. ಊಟಕ್ಕೆ ಕೂರುವವರಿಲ್ಲ, ಹಾಗಾಗಿ ಟಿಪ್ಸೂ ಇಲ್ಲ. ಸಂಬಳವಾಗಿದ್ದರೆ ಯಾರನ್ನಾದರೂ ಕೇಳಬಹುದಿತ್ತು. ಬಾರದ ಭಕ್ಷೀಸಿಗೆ ಯಾರ ಮೇಲೆ ದೂರು ಕೊಡುವುದು? ಅವನು ಕೊನೆಗೂ ಊರಿಗೆ ಬಂದಾಗ ಮನೆಗೆ ಲಿಂಟಲ್‌ವರೆಗೆ ಗೋಡೆ ಎದ್ದಿತ್ತು. ಎರಡು ಮಳೆಗಾಲ ಅದು ಹಾಗೆಯೇ ನಿಂತಿತು.

ನಮ್ಮ ದೇಶದ ಹೋಟೆಲುಗಳ ವಿಷಯಕ್ಕೆ ಬಂದರೆ ಚಿತ್ರ ಬೇರೆ. ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಮಾಲಿಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. ಅದೇ ತಿಂಗಳು ತಡೆಯಾಜ್ಞೆಯೂ ಸಿಕ್ಕಿತು. ಆದರೆ 2025ರ ಮಾರ್ಚ್ 28ರ ತೀರ್ಪಿನಲ್ಲಿ ಕೋರ್ಟು ಮಾರ್ಗಸೂಚಿಯನ್ನೇ ಎತ್ತಿಹಿಡಿದು ಎರಡು ಸಂಘಗಳಿಗೂ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಕೊಡುವವ ಸ್ವಇಚ್ಛೆಯಿಂದ ಕೊಡಬಹುದು, ಕಡ್ಡಾಯ ಮಾಡುವ ಹಾಗಿಲ್ಲ. ಭಾವ ಈ ಸುದ್ದಿಯ ಪತ್ರಿಕೆಯ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. "ಮಂಗಳೂರಿನ ಹೋಟೆಲಿನಲ್ಲಿ ತೆಗೆಸಿದ್ದೇನೆ, ಹಡಗಿನಲ್ಲೂ ತೆಗೆಸಬಹುದಿತ್ತಲ್ಲ?" ಎಂಬುದು ಅವರ ವಾದ.

ತೆಗೆಸಬಹುದಿತ್ತು. ಹಲವು ಕಂಪೆನಿಗಳಲ್ಲಿ ಇಳಿಯುವ ಮೊದಲು ಗೆಸ್ಟ್ ಸರ್ವಿಸಸ್ ಮೇಜಿಗೆ ಹೋಗಿ ಕೇಳಿಕೊಂಡರೆ ದಿನದ ಗ್ರ್ಯಾಚುಯಿಟಿಯನ್ನು ಕಡಿಮೆ ಮಾಡುತ್ತಾರೆ, ತೆಗೆಯಲೂ ತೆಗೆಯುತ್ತಾರೆ. ಇಲ್ಲಿ ನಾನು ಭಾವನ ಪಕ್ಷ ಬಿಟ್ಟು ಗೆಳೆಯನ ಪಕ್ಷ ಸೇರುತ್ತೇನೆ. ಮಂಗಳೂರಿನ ಹೋಟೆಲಿನಲ್ಲಿ ಸರ್ವಿಸ್ ಚಾರ್ಜ್ ತೆಗೆದರೆ ಪೆಟ್ಟು ಬೀಳುವುದು ಮಾಲಿಕನಿಗೆ. ಬಡಿಸುವವನ ಸಂಬಳ ರಾಜ್ಯದ ಕನಿಷ್ಠ ವೇತನದ ಅಡಿಯಲ್ಲಿ ಹಾಗೆಯೇ ಇರುತ್ತದೆ. ಇರಬೇಕು, ಕನಿಷ್ಠಪಕ್ಷ ಕಾಗದದ ಮೇಲಾದರೂ. ಹಡಗಿನಲ್ಲಿ ತೆಗೆದರೆ ಕಂಪೆನಿಯ ಗಂಟೇನೂ ಹೋಗುವುದಿಲ್ಲ, ಗುಂಪು ನಿಧಿ ಸಣ್ಣದಾಗುತ್ತದೆ, ಅಷ್ಟೇ. ಕೋಣೆ ಗುಡಿಸಿದವನ ಪಾಲು, ತಟ್ಟೆ ಎತ್ತಿದವನ ಪಾಲು ಕರಗುತ್ತದೆ. "ಅದನ್ನು ತೆಗೆಸಿ ನಾನೇ ಬೇಕಾದವರ ಕೈಗೆ ಕೊಡುತ್ತೇನೆ" ಎನ್ನುವ ಜಾಣರಿಗೂ ಒಂದು ಮಾತು: ಕೆಲವು ಕಂಪೆನಿಗಳಲ್ಲಿ, ಗ್ರ್ಯಾಚುಯಿಟಿ ತೆಗೆಸಿದವರು ಕೈಗೆ ಕೊಟ್ಟ ನೋಟನ್ನು ಸಿಬ್ಬಂದಿ ನಿಧಿಗೇ ಒಪ್ಪಿಸಬೇಕು. ಕಂಪೆನಿಯ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಇದು ದಾರಿಯಲ್ಲ. ದಿನದ ಲೆಕ್ಕ ಪೂರ್ತಿ ಕೊಡಿ. ಅದನ್ನು ಟಿಪ್ಸ್ ಎಂದುಕೊಳ್ಳದೆ ಟಿಕೆಟ್ಟಿನ ಬಚ್ಚಿಟ್ಟ ಭಾಗ ಎಂದು ಲೆಕ್ಕ ಹಾಕಿ, ಅದು ಕೈಗೆಟುಕದಿದ್ದರೆ ಹಡಗೂ ಕೈಗೆಟುಕದು.

ಖಾಲಿ ಗೆರೆಯ ಮಾತು ಬೇರೆ. ಶೇ. 18 ಸೇರಿದ್ದರೆ ಅಲ್ಲಿ ಸೊನ್ನೆ ಹಾಕಿ ಸಹಿ ಮಾಡಿ. ನಾಚಿಕೆ ಬೇಡ.

ನಮ್ಮ ಕಡೆಯವರಿಗೆ ಇದು ಇಷ್ಟು ಕಷ್ಟವಾಗುವುದಕ್ಕೆ ಬೇರೆ ಕಾರಣವೂ ಇದೆ ಎಂದು ನನ್ನ ಗುಮಾನಿ. ನಾವು ಬೆಳೆದದ್ದು ಬಡಿಸುವುದಕ್ಕೆ ಬೆಲೆ ಕಟ್ಟದ ಮನೆಗಳಲ್ಲಿ. ಜೆಂಬ್ರದ, ಅಂದರೆ ಮದುವೆ-ಮುಂಜಿಯಂಥ ಸಮಾರಂಭದ, ಊಟಕ್ಕೆ ಸುಧರಿಕೆ ಮಾಡುವವರು, ಎಂದರೆ ಬಡಿಸುವವರು, ನೆಂಟರು, ನೆರೆಕರೆಯವರು. ಇಂದು ನಿಮ್ಮ ಅಂಗಳದಲ್ಲಿ ನಾನು ಸಾರಿನ ಬಕೆಟು ಹಿಡಿದರೆ ನಾಳೆ ನನ್ನ ಅಂಗಳದಲ್ಲಿ ನೀವು. ಈ ಲೆಕ್ಕ ತೀರುವುದಿಲ್ಲ, ತೀರಿಸಲೂ ಬಾರದು. ಹಣ ಬರುವುದು ದಕ್ಷಿಣೆಯಲ್ಲಿ ಮಾತ್ರ, ಅದೂ ಎಷ್ಟೆಂದು ಯಾರೂ ಬಾಯಿಬಿಟ್ಟು ಕೇಳುವಂತಿಲ್ಲ. ಹಡಗಿನ ಬಿಲ್ಲಿನಲ್ಲಿ ದಕ್ಷಿಣೆಯ ಮೊತ್ತವನ್ನು ಶೇಕಡಾ ಲೆಕ್ಕದಲ್ಲಿ ಅಚ್ಚು ಹಾಕಿ, ಕೆಳಗೆ 'ಇನ್ನೂ ಸ್ವಲ್ಪ?' ಎಂದು ಕೇಳಿದಂತೆ ಆಗುತ್ತದೆ. ಭಾವನಿಗೆ ಇರಿಸುಮುರಿಸಾದದ್ದು ಜಿಪುಣತನದಿಂದಲ್ಲ. ಹಾಗೆ ಹೇಳಿದರೂ, ಸ್ವಲ್ಪ ಜಿಪುಣರು ಹೌದು.

ಹಾಗಾದರೆ ಮೇಲಿಂದ ಕೊಡುವುದು ಯಾವಾಗ? ಅಕ್ಕನ ಅನುಭವದಲ್ಲೇ ಉತ್ತರ ಇದೆ. ಇಬ್ಬರೂ ಸಸ್ಯಾಹಾರಿಗಳು. ಮೊದಲ ರಾತ್ರಿ ದೊಡ್ಡ ಊಟದ ಕೋಣೆಯಲ್ಲಿ ತಿನ್ನಲು ಸಿಕ್ಕಿದ್ದು ಬೇಯಿಸಿದ ಕ್ಯಾರೆಟ್, ಬ್ರೆಡ್ಡು. ಎರಡನೆಯ ರಾತ್ರಿ ಸಹಾಯಕ ವೇಟರ್ ಬಂದು, ಎದೆಯ ಬಿಲ್ಲೆಯಲ್ಲಿ ಹೆಸರಿನ ಕೆಳಗೆ 'ಇಂಡಿಯ' ಎಂದಿತ್ತು, ನಾಳೆಗೆ ಏನು ಬೇಕೆಂದು ಇವತ್ತೇ ಹೇಳಿದರೆ ಅಡುಗೆಮನೆಯಲ್ಲಿ ಮಾಡಿಸುತ್ತೇನೆ ಎಂದ. ಆಮೇಲೆ ದಿನವೂ ಇವರ ಮೇಜಿಗೆ ಬೇಳೆಸಾರು, ಅನ್ನ, ಪಲ್ಯ ಬಂತು. ಮೆನುವಿನಲ್ಲಿ ಇಲ್ಲದ್ದು. ಅಡುಗೆಮನೆಯ ಯಾರನ್ನೋ ಒಪ್ಪಿಸಿ, ತನ್ನ ಬಿಡುವಿನ ಹೊತ್ತಿನಲ್ಲಿ ನಡೆದಾಡಿ ಮಾಡಿಸಿದ್ದು. ಯಾವ ಶೇಕಡಾ ಲೆಕ್ಕದಲ್ಲೂ ಅದು ಸೇರಿಲ್ಲ. ಅಂಥ ಕಡೆ ಕೊಡಬೇಕು, ಕೈಯಲ್ಲೇ ಕೊಡಬೇಕು. ನಮ್ಮವರು ಎಡವುವುದು ಇಲ್ಲೇ ಎಂದ ಗೆಳೆಯ: ಭಾರತದ ಗುಂಪುಗಳು ಮೆನುವಿನಲ್ಲಿ ಇಲ್ಲದ್ದನ್ನು ಹೆಚ್ಚು ಕೇಳುತ್ತವೆ, ಊರಿನವನು ಎಂಬ ಸಲುಗೆಯಲ್ಲಿ ಕೇಳುತ್ತವೆ, ಊರಿನವನು ಎಂಬ ಸಲುಗೆಯಲ್ಲೇ ಬರಿಗೈಯಲ್ಲಿ ಹೋಗುತ್ತವೆ. "'ನಾಟ್ಟಿಲ್ ಎವಿಡೆಯಾ', ಊರಿನಲ್ಲಿ ಎಲ್ಲಿ, ಎಂದು ಕೇಳಿ, ಕಾಸರಗೋಡು ಎಂದರೆ ತಬ್ಬಿಕೊಳ್ಳುತ್ತಾರೆ. ತಬ್ಬಿಕೊಂಡದ್ದನ್ನು ಬ್ಯಾಂಕಿಗೆ ಕಟ್ಟಲಿಕ್ಕೆ ಆಗುತ್ತದಾ?"

ಎಷ್ಟು ಎಂಬುದಕ್ಕೆ ಅವನ ಅಂದಾಜು ಸರಳ. ಸ್ಪೆಷಾಲಿಟಿ ಹೋಟೆಲಿನಲ್ಲಿ ಶೇ. 18 ಸೇರಿದ್ದು, ನಿಜಕ್ಕೂ ಯಾರಾದರೂ ಮೈಮುರಿದು ನೋಡಿಕೊಂಡಿದ್ದರೆ ಐದೋ ಹತ್ತೋ ಡಾಲರ್. ಇಡೀ ವಾರ ನೋಡಿಕೊಂಡವನಿಗೆ ಕೊನೆಯ ರಾತ್ರಿ ಇಪ್ಪತ್ತು. ನೋಟಿನಲ್ಲೇ ಕೊಡಿ, ನಾಣ್ಯ ಬೇಡ. ವಿದೇಶಿ ನಾಣ್ಯವನ್ನು ನಮ್ಮ ಬ್ಯಾಂಕುಗಳು ಬದಲಿಸಿಕೊಡುವುದಿಲ್ಲ. ಹೊಸ ಮಂಗಳೂರು ಬಂದರಿಗೆ ಪ್ರವಾಸಿ ಹಡಗು ಬಂದಾಗ ಗಿರಾಕಿಗಳು ಕೊಟ್ಟುಹೋದ ಚಿಲ್ಲರೆಯನ್ನು ಟ್ಯಾಕ್ಸಿಯವರು ಏನು ಮಾಡುವುದೆಂದು ತಿಳಿಯದೆ ಮಕ್ಕಳಿಗೆ ಆಡಲು ಕೊಡುವುದುಂಟು. ಖಾಲಿ ಗೆರೆಯಲ್ಲಿ ಬರೆದದ್ದು ಕಾರ್ಡಿಗೆ ಹೋಗುತ್ತದೆ. ಭಾರತದ ಕಾರ್ಡಾದರೆ ಅದರ ಮೇಲೆ ವಿದೇಶಿ ವಿನಿಮಯದ ಶುಲ್ಕ, ಆ ಶುಲ್ಕಕ್ಕೆ ಜಿಎಸ್‌ಟಿ. ಹಾಗಾಗಿ ಹೊರಡುವ ಮೊದಲು ಒಂದು, ಐದರ ಸಣ್ಣ ನೋಟುಗಳನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದನ್ನು ಅವನು ಒತ್ತಿ ಹೇಳಿದ. ಪ್ರವಾಸ ಮುಗಿದ ಮೇಲೆ ಕಂಪೆನಿ ಇಮೇಲಿನಲ್ಲಿ ಅಭಿಪ್ರಾಯ ಕೇಳುತ್ತದೆ. ಹೆಚ್ಚಿನವರು ತೆರೆದೂ ನೋಡುವುದಿಲ್ಲ. ಅದರಲ್ಲಿ ಒಬ್ಬ ವೇಟರಿನ ಹೆಸರು ಒಳ್ಳೆಯ ಮಾತಿನ ಜೊತೆ ಬಂದರೆ ಮುಂದಿನ ಕರಾರಿಗೆ, ಬಡ್ತಿಗೆ, ಒಳ್ಳೆಯ ಮೇಜುಗಳ ಸಾಲು ಸಿಗುವುದಕ್ಕೆ ಅದು ಲೆಕ್ಕಕ್ಕೆ ಬರುತ್ತದೆ. ಸಹಾಯಕನಾಗಿದ್ದ ಅವನು ವೇಟರ್ ಆದದ್ದೇ ಜರ್ಮನಿಯ ಯಾರೋ ಅಜ್ಜಿ ಬರೆದ ನಾಲ್ಕು ಸಾಲಿನಿಂದ ಎಂದು ನಂಬಿದ್ದಾನೆ.

ಇದನ್ನೆಲ್ಲ ಬದಿಯಡ್ಕಕ್ಕೆ ಹೋಗಿ ಒಪ್ಪಿಸಿದೆ. ಆ ಗೆರೆಯಲ್ಲಿ ನೀವು ಕೊನೆಗೆ ಏನು ಬರೆದಿರಿ ಎಂದು ಕೇಳಿದೆ. ಭಾವ ಅಡ್ಡ ಗೀಟು ಎಳೆದಿದ್ದರು, ಪರೀಕ್ಷೆಯ ಉತ್ತರಪತ್ರಿಕೆಯ ಖಾಲಿ ಪುಟಕ್ಕೆ ಎಳೆದ ಹಾಗೆ, ಉದ್ದಕ್ಕೆ, ಯಾರೂ ಆಮೇಲೆ ಏನನ್ನೂ ಸೇರಿಸದಂತೆ. ಬೇಳೆಸಾರಿನ ಹುಡುಗನಿಗೆ? ಅದು ಅವರಿಗೆ ಗೊತ್ತಿರಲಿಲ್ಲ. ಅಕ್ಕ ಒಳಗಿನಿಂದ ಚಾ ತಂದಿಡುತ್ತ, ಕೊನೆಯ ರಾತ್ರಿ ಮಗ ಕೊಟ್ಟಿದ್ದ ಇಪ್ಪತ್ತರ ನೋಟು ಅವನ ಕೈಗಿತ್ತದ್ದನ್ನು ಹೇಳಿದಳು. ಇಮೇಲ್ ಬಂದಿದೆ, ಇನ್ನೂ ತುಂಬಿಸಿಲ್ಲ. ಹೆಸರಿನ ಇಂಗ್ಲಿಷ್ ಅಕ್ಷರ ತಪ್ಪಬಾರದೆಂದು ಅವನ ಎದೆಯ ಬಿಲ್ಲೆಯ ಪಟ ತೆಗೆದಿಟ್ಟಿದ್ದಾಳೆ. "ನೀನೇ ಬರೆದು ಕೊಡು, ನಿನಗೆ ಬರೆಯಲಿಕ್ಕೆ ಬರುತ್ತದಲ್ಲ" ಎಂದು ಫೋನನ್ನು ನನ್ನ ಕಡೆ ಚಾಚಿದಳು.